ಮಾತಿನಮಲ್ಲ ನುಸ್ರತ್ ಬಾಯಿ ಬಿಡದ ಮನೆ

ನಮ್ಮ ಶೆಕಿ ಊರಿಗೆ ನೀವು ಬಂದು, ಬಸ್ಸಿನಿಂದ ಒಂದು ಕಾಲು ಕೆಳಗಿಟ್ಟು ಇನ್ನೊಂದು ಇಡುವಷ್ಟರಲ್ಲಿ ನುಸ್ರತ್ ನಿಮ್ಮನ್ನು ಹಿಡಿದಿರುತ್ತಾನೆ. ತಪ್ಪಿಸಿಕೊಳ್ಳುತ್ತೇನೆ ಅಂದುಕೊಂಡರೆ ಅದು ನಿಮ್ಮ ಭ್ರಮೆ. ಚೀಲ ಅವನ ಹೆಗಲಿಗೆ, ಕಿವಿ ಅವನ ವಶಕ್ಕೆ. ಸಂಜೆಯವರೆಗೆ ನಿಮಗೆ ಬಿಡುಗಡೆ ಇಲ್ಲ.

ಅರಮನೆಯ ಬಣ್ಣದ ಗಾಜಿನ ಕಿಟಕಿಗಳ ಬಗ್ಗೆ ಅವನು ಹೇಳುವುದು ನಿಜವೇ. ಮೊಳೆ ಇಲ್ಲ, ಅಂಟಿಲ್ಲ, ಮರದ ಚೂರುಗಳನ್ನು ಒಂದರೊಳಗೊಂದು ಸಿಕ್ಕಿಸಿ ಮಾಡಿದ್ದು. ಅಷ್ಟಕ್ಕೆ ನಿಲ್ಲಿಸಿದರೆ ಅವನು ನುಸ್ರತ್ ಹೇಗಾದಾನು? ಎದುರಿನ ಚಿನಾರ್ ಮರದ ಕೆಳಗೆ ಊರನ್ನಾಳುತ್ತಿದ್ದ ಖಾನನಿಗೆ ಬಿಕ್ಕಳಿಕೆ ಹಿಡಿಯಿತಂತೆ, ವೈದ್ಯರೆಲ್ಲ ಸೋತರಂತೆ, ಕೊನೆಗೆ ಹಲ್ವಾ ಮಾಡುವ ಒಬ್ಬಳು ಮುದುಕಿ ಬಂದು ಒಂದು ತುಂಡು ಬಾಯಿಗಿಟ್ಟದ್ದೇ ನಿಂತುಹೋಯಿತಂತೆ. ಆ ಮುದುಕಿ ನಮ್ಮಜ್ಜಿಯ ಅಜ್ಜಿಯಂತೆ. ಇದನ್ನು ಅವನು ಹೇಳುವುದು ಸರಿಯಾಗಿ ನನ್ನ ಅಂಗಡಿ ಮುಂದೆ ನಿಂತುಕೊಂಡು. ನನಗೆ ಹಲ್ವಾ ವ್ಯಾಪಾರ, ಹೆಸರು ಸುಗ್ರಾ. ನಮ್ಮಜ್ಜಿಯ ಅಜ್ಜಿ ಯಾರೆಂದು ನನಗೇ ಗೊತ್ತಿಲ್ಲ. ಆದರೆ ಕಥೆ ಕೇಳಿದವರು ಹಲ್ವಾ ಕೊಳ್ಳದೆ ಮುಂದೆ ಹೋಗುವುದಿಲ್ಲ, ಹಾಗಾಗಿ ನಾನೂ ಗಂಭೀರವಾಗಿ ತಲೆ ಆಡಿಸುತ್ತೇನೆ.

ಮೊದಲು ಅವನು ಗೈಡ್ ಆಗಿರಲಿಲ್ಲ. ರೇಷ್ಮೆ ಕಾರ್ಖಾನೆಯಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದ. ಕೆಲಸ ಕಡಿಮೆಯಾಗಿ ಮನೆಗೆ ಕಳಿಸಿದರು. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ. ಅವರಿಗೆ ಅನ್ನ ನೀರು, ಸ್ನಾನ, ಔಷಧಿ, ಎಲ್ಲ ಇವನದೇ. ಮಲಗಿದವರಿಗೆ ಹೊತ್ತು ಹೋಗಲೆಂದು ದಿನಾ ಒಂದು ಕಥೆ ಕಟ್ಟುತ್ತಿದ್ದ. ಅವರು ತೀರಿಕೊಂಡ ಮೇಲೆ ಕಥೆಗಳು ಉಳಿದವು, ಕೇಳುವವರಿರಲಿಲ್ಲ. ಪ್ರವಾಸಿಗರನ್ನು ಹಿಡಿದ. ಈ ನಡುವೆ ಮದುವೆ ಅನ್ನುವುದು ಬರಲೇ ಇಲ್ಲ, ಐವತ್ತು ದಾಟಿತು.

ಇಂಥ ಬಾಯಿಗೂ ಬೀಗ ಬೀಳುವ ಒಂದು ಮನೆ ಇತ್ತು. ನನ್ನ ಅಂಗಡಿಯ ಹಿಂದಿನ ಓಣಿಯಲ್ಲಿ ಶೊವ್ಕೆತ್ ಮನೆ.

ಶೊವ್ಕೆತ್ ನನ್ನ ಗೆಳತಿ. ಗಂಡ ಲಾರಿ ಓಡಿಸುತ್ತಿದ್ದ, ತೀರಿಹೋಗಿ ಬಹಳ ವರ್ಷವಾಯಿತು. ಮಗಳು ಮದುವೆಯಾಗಿ ಗೆಂಜೆ ಪಟ್ಟಣದಲ್ಲಿದ್ದಾಳೆ. ಇವಳು ಅಂಗಳದ ಅಕ್ರೋಟು ಮರದ ಕೆಳಗೆ ಎರಡು ಮೇಜು ಹಾಕಿ, ಬಂದವರಿಗೆ ಟೀ, ತಾನೇ ಮಾಡಿದ ಅಂಜೂರದ ಮುರಬ್ಬ ಕೊಡುತ್ತಾಳೆ. ಮುರಬ್ಬ ಸಿಹಿ, ನಾಲಿಗೆ ಖಾರ. ನುಸ್ರತನ ಪ್ರವಾಸ ಎಲ್ಲಿಂದ ಶುರುವಾದರೂ ಮುಗಿಯುವುದು ಅಲ್ಲೇ. 'ಐತಿಹಾಸಿಕ ಮನೆ' ಎಂದು ಕರೆತರುತ್ತಾನೆ. ಅದು ಅವಳ ಮಾವ ಕಟ್ಟಿಸಿದ ಮನೆ, ವಯಸ್ಸಿನಲ್ಲಿ ನನಗಿಂತ ಚಿಕ್ಕದು. ಇದರಲ್ಲಿ ಇತಿಹಾಸ ಎಲ್ಲಿದೆ ಅಂತ ಅವಳು ಕೇಳಿದರೆ ಇವನು ಟೋಪಿ ಸರಿಮಾಡಿಕೊಂಡು ನೆಲ ನೋಡುತ್ತಾನೆ. ಬೀದಿಯಲ್ಲಿ ಪಟಾಕಿಯ ಸರದ ಹಾಗೆ ಸಿಡಿಯುತ್ತಿದ್ದವನು ಅಲ್ಲಿ ಮುರಬ್ಬ ನೆಕ್ಕುತ್ತಾ ಮೌನವ್ರತ. ಪ್ರವಾಸಿಗರೇ ಗಾಬರಿಯಾಗಿ, ನಿಮಗೆ ಹುಷಾರಿಲ್ಲವೇ ಎಂದು ಕೇಳುತ್ತಾರೆ.

ನಮ್ಮ ಕಡೆ ನೆರೆಹೊರೆಯ ಗಂಡಸರನ್ನೆಲ್ಲ ಅಣ್ಣ ಅಂತಲೇ ಕರೆಯುವುದು. ಹಾಲಿನವನು ಅಣ್ಣ, ಬೀಗದವನು ಅಣ್ಣ. ಶೊವ್ಕೆತ್ ನುಸ್ರತನನ್ನು ಒಂದು ಸಲವೂ ಹಾಗೆ ಕರೆದಿರಲಿಲ್ಲ. ನನಗೆ ಅಷ್ಟು ಸಾಕಾಗಿತ್ತು. ಆ ದಡ್ಡನಿಗೆ ಸಾಲಲಿಲ್ಲ.

ಅವನನ್ನು ಅಂಗಡಿಗೆ ಕರೆದು, ಹೋಗಿ ಅವಳನ್ನು ಕೇಳು ಎಂದು ಎಷ್ಟು ಸಲ ಬೈದಿದ್ದೇನೋ. ಅವನದು ಒಂದೇ ರಾಗ. ಹೆಣ್ಣು ಕೇಳಲು ಹಿರಿಯರು ಹೋಗಬೇಕು, ಗಂಡು ತಾನೇ ಹೋಗಿ ಕೇಳಿದರೆ ಊರು ನಗುತ್ತದೆ. ಅವನಿಗೆ ಅಪ್ಪ ಇಲ್ಲ, ಚಿಕ್ಕಪ್ಪ ಇಲ್ಲ, ಸೋದರಮಾವ ಇಲ್ಲ. ಸರಿ, ನಮ್ಮ ಮಸೀದಿಯ ಮುಲ್ಲಾನನ್ನು ಕಳಿಸೋಣ ಅಂದೆ. ಬೇಡ ಅಂದ. ಕೊನೆಗೆ ಒಂದು ದಿನ ನಿಜ ಬಾಯಿಬಿಟ್ಟ.

"ಸುಗ್ರಾ, ಅವಳು ಇಲ್ಲ ಅಂದ್ರೆ ಆಮೇಲೆ ಯಾವ ಮುಖ ಇಟ್ಕೊಂಡು ಆ ಅಂಗಳಕ್ಕೆ ಹೋಗ್ಲಿ? ದಿನದಲ್ಲಿ ನಾನು ಕೂತ್ಕೊಳ್ಳೋದು ಅಲ್ಲೊಂದೇ ಕಡೆ. ಅದೂ ಹೋಯ್ತು ಅಂದ್ರೆ?"

ನನಗೆ ಕೋಪ ಬಂತು, ಕರುಳೂ ಚುರ್ ಅಂದಿತು. ಎರಡಕ್ಕೂ ಸೇರಿಸಿ ಒಂದು ಹಲ್ವಾ ತುಂಡು ಕೊಟ್ಟು ಕಳಿಸಿದೆ.

ಹೋದ ಶರತ್ಕಾಲದಲ್ಲಿ ಜಕಾತಾಲಾದಿಂದ ಸುದ್ದಿ ಬಂತು. ಅಲ್ಲಿ ಹ್ಯಾಜಲ್‌ನಟ್ ತೋಟ ಇರುವ ಒಬ್ಬ ವಿಧುರ, ಶೊವ್ಕೆತ್‌ಳ ಬಗ್ಗೆ ಯಾರಿಂದಲೋ ಕೇಳಿ, ಶುಕ್ರವಾರ ಸಂಜೆ ಹಿರಿಯರನ್ನು ಕಳಿಸುತ್ತಾನಂತೆ. ಮಗಳಿಗೂ ಒಪ್ಪಿಗೆಯಂತೆ. ಅಮ್ಮ ಒಬ್ಬಳೇ ಎಷ್ಟು ದಿನ ಇರ್ತಾಳೆ ಅಂತ ಅವಳ ಚಿಂತೆ. ನಾನು ಓಡಿಹೋಗಿ ನುಸ್ರತನಿಗೆ ಹೇಳಿದೆ. ಅವನ ಮುಖ ಬಿಳುಚಿಕೊಂಡಿತು. "ಜಕಾತಾಲಾದ ತೋಟಗಳು ಚೆನ್ನಾಗಿರ್ತವೆ" ಅಂದ. ಕಪಾಳಕ್ಕೆ ಬಿಗಿಯಬೇಕು ಅನ್ನಿಸಿತು. ಶುಕ್ರವಾರ ಸಂಜೆ ಆ ಓಣಿಯ ಕಡೆಗೇ ಬರುವುದಿಲ್ಲ, ಮಧ್ಯಾಹ್ನವೇ ಪ್ರವಾಸಿಗರಿಗೆ ಟೀ ಕುಡಿಸಿ ಹೊರಟುಬಿಡುತ್ತೇನೆ ಎಂದು ಹೇಳಿ ಹೋದ.

ಆದರೆ ಹಿರಿಯರಿಗೆ ಬೆಳಗಿನ ಬಸ್ಸೇ ಸಿಕ್ಕಿಬಿಟ್ಟಿತು. ಶುಕ್ರವಾರ ಮಧ್ಯಾಹ್ನ ನಾನು ಹಲ್ವಾ ತಟ್ಟೆ ಹಿಡಿದು ಶೊವ್ಕೆತ್ ಮನೆಗೆ ಹೋದರೆ ಮೂವರು ಮುದುಕರು ಅಕ್ರೋಟು ಮರದ ಕೆಳಗೆ ಕೂತಿದ್ದಾರೆ. ಇಸ್ತ್ರಿ ಮಾಡಿದ ಅಂಗಿ, ಮಿರಮಿರ ಮಿಂಚುವ ಬೂಟು. ಅವರಲ್ಲಿ ದೊಡ್ಡವರ ಹೆಸರು ಸೆಲ್ಮಾನ್, ಬಿಳಿ ಮೀಸೆ, ಕೈಯಲ್ಲಿ ಕೋಲು. ಶೊವ್ಕೆತ್ ಒಳಗೆ ಟೀ ಕಾಯಿಸುವ ಸಮೋವರಿನ ಮುಂದೆ ನಿಂತು ಸುಮ್ಮನೆ ಕೆಂಡ ಕೆದಕುತ್ತಿದ್ದಳು. ಅವಳ ಕಡೆಯ ಹೆಂಗಸಾಗಿ ನಾನು ಅಂಗಳದಲ್ಲಿ ಕೂತೆ. ಹವಾಮಾನ ಮಾತಾಡಿದೆವು, ಬಸ್ಸಿನ ಸೀಟು ಮಾತಾಡಿದೆವು. ವಿಷಯಕ್ಕೆ ಇನ್ನೇನು ಬರಬೇಕು, ಬಾಗಿಲು ತಳ್ಳಿಕೊಂಡು ನುಸ್ರತ್ ಬಂದ. ಹಿಂದೆ ಪೋಲೆಂಡಿನ ಗಂಡ ಹೆಂಡತಿ, ಕೊರಳಲ್ಲಿ ಕ್ಯಾಮೆರಾ.

ಕಣ್ಣಲ್ಲೇ ಸನ್ನೆ ಮಾಡಿದೆ. ಅವನಿಗೆ ನನ್ನ ಕಣ್ಣು ಎಲ್ಲಿ ಕಾಣಬೇಕು? ಕಂಡದ್ದು ಮೂರು ಹೊಸ ಮುಖ, ಮೂರು ಜೊತೆ ಮಿಂಚುವ ಬೂಟು. ಶೆಕಿಯಲ್ಲಿ ಹುಟ್ಟಿದವನಿಗೆ ಅಪರಿಚಿತರೆಂದರೆ ಪ್ರವಾಸಿಗರೇ, ಬೇರೆ ಜಾತಿ ಲೋಕದಲ್ಲಿಲ್ಲ. ಇನ್ಯಾವನೋ ಗೈಡು ತನ್ನ ಜನರನ್ನು ಇಲ್ಲಿ ಕೂರಿಸಿ ಓಡಿಹೋಗಿದ್ದಾನೆ ಅಂದುಕೊಂಡ. ಶೊವ್ಕೆತ್ ಬೇರೆ ಅಂಗಳದಲ್ಲಿ ಕಾಣುತ್ತಿಲ್ಲ. ಕೇಳಬೇಕೆ, ಬಾಯಿ ಬಿಚ್ಚಿಕೊಂಡಿತು.

ನಿಮಗೆ ಯಾರಾದರೂ ಈ ಮನೆಯ ವಿಷಯ ಹೇಳಿದರಾ ಎಂದು ಮುದುಕರನ್ನು ಕೇಳಿದ. ಅದನ್ನು ತಿಳಿಯಲೆಂದೇ ಬಂದಿದ್ದೇವೆ ಎಂದರು ಅವರು. ಇವನು ಅಕ್ರೋಟು ಮರದಿಂದ ಶುರು ಮಾಡಿದ. ಮರ ಬಿಟ್ಟು ಮನೆಗೆ ಬಂದ, ಮನೆ ಬಿಟ್ಟು ಮನೆಯೊಡತಿಗೆ. ಅವಳಂತೆ ಅಂಜೂರ ಬೇಯಿಸುವವರು ಮೇಲಿನ ಓಣಿಯಲ್ಲೂ ಇಲ್ಲ, ಕೆಳಗಿನ ಓಣಿಯಲ್ಲೂ ಇಲ್ಲ. ಗಂಡ ಹೋದಾಗ ಮೂರು ದಿನ ಅತ್ತಳು, ನಾಲ್ಕನೆಯ ದಿನ ಏಣಿ ಹತ್ತಿ ಹೆಂಚು ಸರಿಮಾಡಿದಳು. ಬೈಯುತ್ತಾಳೆ, ಆದರೆ ಬೈಸಿಕೊಂಡವರಿಗೆ ಒಂದು ತುತ್ತು ಹೆಚ್ಚು ಬಡಿಸುತ್ತಾಳೆ. ತನ್ನ ತಾಯಿ ಮಲಗಿದ್ದಾಗ ಅವರ ಬಾಯಿಗೆ ಸೂಪು ಹಾಕಲು ದಿನಾ ಬರುತ್ತಿದ್ದವಳು ಇವಳೊಬ್ಬಳೇ. ಇದನ್ನು ಹೇಳುವಾಗ ಅವನ ದನಿ ಸ್ವಲ್ಪ ಇಳಿಯಿತು. ಎಷ್ಟೋ ವರ್ಷದಿಂದ ಅವನ ಸುಳ್ಳು ಕೇಳಿದವಳು ನಾನು. ಅವತ್ತು ಒಂದು ಮಾತೂ ಸುಳ್ಳಿರಲಿಲ್ಲ. ಒಳಗೆ ಕೆಂಡ ಕೆದಕುವ ಸದ್ದು ನಿಂತುಹೋಗಿತ್ತು.

ಸೆಲ್ಮಾನ್ ಅಜ್ಜ ಖುಷಿಯಾಗಿ ಮೀಸೆ ನೇವರಿಸಿಕೊಂಡರು. ಇವನು ಹೆಣ್ಣಿನ ಕಡೆಯ ಹಿರಿಯನೇ ಇರಬೇಕು ಎಂದು ಅವರ ಲೆಕ್ಕ.

"ನಾವು ಕೇಳ್ಬೇಕಾಗಿದ್ದನ್ನೆಲ್ಲ ನೀವೇ ಹೇಳ್ಬಿಟ್ರಿ. ನಮ್ಮ ಜಕಾತಾಲಾದ ಮನುಷ್ಯನೂ ಒಳ್ಳೆಯವನು, ತೋಟ ಇದೆ, ಕುಡಿಯೋದಿಲ್ಲ. ಈ ಮನೆ ಪರವಾಗಿ ನೀವೇ ಒಂದು ಮಾತು ಕೊಟ್ಬಿಡಿ."

ನುಸ್ರತನ ಮುಖ ಇಂಗು ತಿಂದ ಮಂಗನ ಹಾಗಾಯಿತು. ನಗಬೇಕೆಂದರೂ ನನಗೆ ನಗು ಬರಲಿಲ್ಲ. ಒಂದು ಹೆಣ್ಣನ್ನು ಹೊಗಳಿ ಹೊಗಳಿ ತನ್ನ ಕೈಯಾರೆ ಇನ್ನೊಬ್ಬನಿಗೆ ಒಪ್ಪಿಸಿ ಕೂತಿದ್ದಾನೆ, ಪಾಪಿ. ಪೋಲೆಂಡಿನವರು ಎಲ್ಲರ ಫೋಟೋ ತೆಗೆಯುತ್ತಿದ್ದರು. ನುಸ್ರತ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಕ್ಷಮಿಸಿ ಅಜ್ಜ. ಮಾತು ಕೊಡೋಕೆ ನಾನು ಈ ಮನೆಯವನಲ್ಲ. ಇಲ್ಲಿ ಟೀ ಕುಡಿದು ಹೋಗೋನು, ಅಷ್ಟೆ."

ಹೊರಡಲು ತಿರುಗಿದ. ಅಷ್ಟರಲ್ಲಿ ಶೊವ್ಕೆತ್ ತಟ್ಟೆ ಹಿಡಿದು ಹೊರಗೆ ಬಂದಳು.

ನಾವು ಟೀಗೆ ಸಕ್ಕರೆ ಹಾಕಿ ಕಲಕುವವರಲ್ಲ. ತುಂಡನ್ನು ಹಲ್ಲಲ್ಲಿ ಕಚ್ಚಿಕೊಂಡು ಮೇಲೆ ಟೀ ಹೀರುವವರು. ಲೋಟದಲ್ಲಿ ಸಕ್ಕರೆ ಕಲಕಿ ಕೊಡುವುದು ಹೆಣ್ಣು ಕೇಳಲು ಬಂದವರಿಗೆ ಮಾತ್ರ, ಅದೂ ಕೊಡುತ್ತೇವೆ ಎಂದಾಗ. ಸಪ್ಪೆ ಟೀ ಬಂತೋ, ಕುಡಿದು ಬಸ್ಸಿನ ವೇಳೆ ಕೇಳಬೇಕು. ಶೊವ್ಕೆತ್ ಮೂವರ ಮುಂದೆ ಲೋಟ ಇಟ್ಟಳು. ಚಮಚ ಇರಲಿಲ್ಲ. ಸೆಲ್ಮಾನ್ ಅಜ್ಜ ಒಂದು ಗುಟುಕು ಕುಡಿದು ಪಕ್ಕದವರ ಮುಖ ನೋಡಿದರು. ಮೂವರಿಗೂ ಅರ್ಥವಾಯಿತು.

ಶೊವ್ಕೆತ್ ನುಸ್ರತನ ಕಡೆ ತಿರುಗಿದಳು. "ನನ್ನ ಅಂಜೂರ ಹೇಳಿದ್ರಿ, ಹೆಂಚು ಹೇಳಿದ್ರಿ, ಬೈಗುಳಾನೂ ಹೇಳಿದ್ರಿ. ಇನ್ನೇನಾದ್ರೂ ಬಿಟ್ಟಿದ್ದೀರಾ?"

"ಒಂದು ಇದೆ" ಅಂದ ನುಸ್ರತ್, ನೆಲ ನೋಡುತ್ತಾ.

"ಹೇಳಿ."

"ಅದನ್ನ ಹೇಳೋಕೆ ನನ್ನ ಕಡೆ ಯಾರೂ ಇಲ್ಲ."

ಶೊವ್ಕೆತ್ ಮುದುಕರ ಕಡೆ ತಿರುಗಿ, ತಲೆಯ ಬಟ್ಟೆ ಸರಿಮಾಡಿಕೊಂಡು, ಬಹಳ ಮರ್ಯಾದೆಯಿಂದ ಮಾತಾಡಿದಳು. "ಹಿರಿಯರು ತಪ್ಪು ತಿಳೀಬಾರದು. ನಿಮಗೆ ಸಪ್ಪೆ ಟೀ ಕೊಟ್ಟೆ. ಆದ್ರೆ ಅಷ್ಟು ದೂರದಿಂದ ಬಂದಿದ್ದೀರಿ, ಬರಿಗೈಲಿ ಯಾಕೆ ಹೋಗ್ತೀರಿ? ಇವರಿಗೆ ಹಿರಿಯರಿಲ್ಲ. ನೀವು ಮೂರು ಜನ ಹಿರಿಯರಿದ್ದೀರಿ, ಕೆಲಸ ಇಲ್ಲದೆ ಕೂತಿದ್ದೀರಿ."

ನನ್ನ ಕೈಯಲ್ಲಿದ್ದ ಹಲ್ವಾ ತಟ್ಟೆ ಕೆಳಗೆ ಬೀಳಲಿಲ್ಲ ಅನ್ನುವುದೇ ಆಶ್ಚರ್ಯ. ಇಂಥ ಮಾತು ನಮ್ಮ ಶೆಕಿಯಲ್ಲಿ ಹಿಂದೆ ಯಾರೂ ಆಡಿರಲಿಕ್ಕಿಲ್ಲ. ಒಬ್ಬ ಮುದುಕರು ಕೋಪದಿಂದ ಏಳಲು ಹೊರಟರು, ಜಕಾತಾಲಾದಲ್ಲಿ ನಾವು ಏನಂತ ಹೇಳೋದು ಅಂದರು. ಟೀ ಚೆನ್ನಾಗಿತ್ತು ಅಂತ ಹೇಳಿ ಅಂದಳು ಶೊವ್ಕೆತ್. ಸೆಲ್ಮಾನ್ ಅಜ್ಜ ಮಾತ್ರ ಮೀಸೆಯೊಳಗೇ ನಗತೊಡಗಿದರು. ನಗು ಹೆಚ್ಚಾಗಿ ಕೆಮ್ಮು ಬಂತು, ಕೆಮ್ಮು ನಿಂತ ಮೇಲೆ ಕಣ್ಣೊರೆಸಿಕೊಂಡು ಕೋಲಿನಿಂದ ನುಸ್ರತನ ಬೂಟು ಮುಟ್ಟಿದರು.

"ಯಾರ ಮಗನಪ್ಪಾ ನೀನು?"

ಅರಮನೆಯಲ್ಲಿ ಹುಟ್ಟಿದವರ, ಸತ್ತವರ ಹೆಸರೆಲ್ಲ ಇವನ ನಾಲಿಗೆ ಮೇಲಿದೆ. ಈ ಒಂದು ಪ್ರಶ್ನೆಗೆ ಅವನು ಟೋಪಿಯನ್ನು ಎದೆಗೆ ಒತ್ತಿಕೊಂಡ. "ದಾವೂದನ ಮಗ" ಅಂದ. "ತಾಯಿ ಮೆಹ್‌ಪಾರಾ." ಅವರ ಹೆಸರನ್ನು ಅವನ ಹತ್ತಿರ ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ.

ಸೆಲ್ಮಾನ್ ಅಜ್ಜ ಅವನ ಕೈ ಹಿಡಿದು ಎಳೆದು ತಮ್ಮ ಮೂವರ ನಡುವೆ ಕೂರಿಸಿಕೊಂಡರು. ಒಂದು ಕೈ ಅವನ ಹೆಗಲ ಮೇಲಿಟ್ಟು, ಇನ್ನೊಂದರಲ್ಲಿ ಕೋಲು ಊರಿ, ಎದ್ದು ನಿಂತು, ಹೆಣ್ಣಿನ ಕಡೆಯವಳು ನಾನೊಬ್ಬಳೇ ಅಲ್ಲವೇ, ನನ್ನ ಕಡೆ ನೋಡಿದರು.

"ದೇವರ ಅಪ್ಪಣೆಯಿಂದ, ಪ್ರವಾದಿಯ ಮಾತಿನಿಂದ, ದಾವೂದ್ ಮತ್ತು ಮೆಹ್‌ಪಾರಾರ ಮಗ, ನಮ್ಮ ಹುಡುಗ ನುಸ್ರತನಿಗೆ ನಿಮ್ಮ ಶೊವ್ಕೆತ್‌ಳನ್ನ ಕೇಳೋಕೆ ಬಂದಿದ್ದೀವಿ."

ನಮ್ಮ ಹುಡುಗ ಎಂದು ಕೇಳಿದ್ದೇ ತಡ, ನುಸ್ರತ್ ಟೋಪಿಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಸಣ್ಣಗಲ್ಲ, ಭುಜ ಅಲುಗುವ ಹಾಗೆ. ಪೋಲೆಂಡಿನವರು ಇದನ್ನೂ ಪ್ರವಾಸದ ಭಾಗ ಎಂದುಕೊಂಡು ಚಪ್ಪಾಳೆ ತಟ್ಟಿದರು. ಉತ್ತರ ಹೇಳಬೇಕಾದವಳು ನಾನು. ಊರಿಗೆಲ್ಲ ಬುದ್ಧಿ ಹೇಳುವ ನಾನು ಮೂಗು ಒರೆಸಿಕೊಳ್ಳುವುದರಲ್ಲೇ ಇದ್ದೆ.

ಅಷ್ಟರಲ್ಲಿ ಹಿಂದಿನಿಂದ ಚಮಚದ ಸದ್ದು ಕೇಳಿತು. ಶೊವ್ಕೆತ್ ಮೂವರ ಲೋಟಗಳನ್ನೂ ತಟ್ಟೆಗೆ ವಾಪಸು ತೆಗೆದುಕೊಂಡು, ಒಂದೊಂದಕ್ಕೂ ಸಕ್ಕರೆ ಹಾಕಿ ಕಲಕುತ್ತಿದ್ದಳು. ಇನ್ನೊಂದು ಲೋಟ ತುಂಬಿ, ಆ ನಾಲ್ಕನೆಯದನ್ನು ಬಹಳ ಹೊತ್ತು ಕಲಕಿದಳು. ಅದನ್ನು ತಂದು ನುಸ್ರತನ ಮುಂದಿಟ್ಟು, ಟೋಪಿಯನ್ನು ಅವನ ಮುಖದಿಂದ ಮೆಲ್ಲಗೆ ಸರಿಸಿದಳು.

"ಅಳೋದು ಆಮೇಲೆ. ಮೊದಲು ಕುಡೀರಿ, ಆರಿಹೋಗುತ್ತೆ."