ಅಕ್ಕೋರು ಮಾದಲಿ ಉಂಡ ದಿನ

ಬಿಸಿ ಹಾಲು ಬಿದ್ದ ಮಾದಲಿಯ ವಾಸನೆ. ಕಳೆದ ವಾರ ಗೋಕಾಕದ ಕಾಲೇಜೊಂದರಲ್ಲಿ ಕಂಪ್ಯೂಟರ್ ಸಮ್ಮೇಳನವಿತ್ತು, ಮಧ್ಯಾಹ್ನದ ಗೋಷ್ಠಿಯ ಉಸ್ತುವಾರಿ ನನ್ನದು. ಊಟದ ಪೆಂಡಾಲಿನ ಬಾಗಿಲಲ್ಲೇ ಗೋದಿ ಪುಡಿ, ಬೆಲ್ಲ, ಏಲಕ್ಕಿ, ತುಪ್ಪದ ಆ ವಾಸನೆ ಮೂಗಿಗೆ ಬಡಿಯಿತು. ಎಂಟು ವರ್ಷದಿಂದ ನಾನು ಮಾದಲಿ ಮುಟ್ಟಿಲ್ಲ. ನನಗೆ ಸಿಹಿ ಸೇರುವುದಿಲ್ಲ ಎಂದು ಮನೆಯವರು ತಿಳಿದುಕೊಂಡಿದ್ದಾರೆ. ತಿಳಿದುಕೊಳ್ಳಲಿ.

ಮೂಡಲಗಿಯಲ್ಲಿ ಗೊಬ್ಬರದ ಅಂಗಡಿಯ ಮೇಲಿನ ಕೋಣೆಯಲ್ಲಿ ಅಕ್ಕೋರು ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದರು. ನಮ್ಮ ಕಡೆ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಆರು ಮಷೀನು, ಅದರಲ್ಲಿ ಎರಡು ಹಟಮಾರಿ. ಡಿಗ್ರಿ ಓದುತ್ತಲೇ ನಾನು ಅಲ್ಲಿಗೆ ಕಲಿಯಲು ಹೋಗುತ್ತಿದ್ದೆ. ಅಕ್ಕೋರಿಗೆ ಒಂದು ಹುಚ್ಚು ಹಿಡಿದಿತ್ತು. ಫೋನಿಗೆ ಪುಸ್ತಕದ ಕನ್ನಡ ತಿಳಿಯುತ್ತದೆ, ನಮ್ಮ ಕಡೆಯ ಮಾತು ತಿಳಿಯುವುದಿಲ್ಲ, ಅದನ್ನು ಕಲಿಸಬೇಕು ಎಂದು. ಎರಡು ವರ್ಷ ಸಂತೆ, ಕಬ್ಬಿನ ಹೊಲ, ಹಿಟ್ಟಿನ ಗಿರಣಿ ಅಲೆದು ಹೆಂಗಸರ ಮಾತನ್ನು ರೆಕಾರ್ಡ್ ಮಾಡಿಕೊಂಡರು. ಮಮದಾಪುರದ ಮುದುಕಿಯೊಬ್ಬಳು, “ನನ್ನ ಬೈಗಳಾನೂ ತುಂಬ್ಕೊಂಡಿ ಏನವಾ?” ಎಂದು ಕೇಳಿದ್ದಳು. “ಮೊದಲ ಅವನ್ನ ತುಂಬೇನಿ, ಆಯಿ,” ಎಂದು ಅಕ್ಕೋರು ನಕ್ಕಿದ್ದರು.

ಆ ಕೆಲಸದ ಬಗ್ಗೆ ಬರೆದ ಪ್ರಬಂಧಕ್ಕೆ ಹುಕ್ಕೇರಿ ಹತ್ತಿರದ ಕಾಲೇಜಿನ ಸಮ್ಮೇಳನದಲ್ಲಿ ಹದಿನೈದು ನಿಮಿಷ ಸಿಕ್ಕಿತು. ಹೊರಗಿನಿಂದ ಬರುವ ಪ್ರಾಧ್ಯಾಪಕರೊಬ್ಬರಿಗೆ ಮೆಚ್ಚಿಗೆಯಾದರೆ ಅವರ ಪ್ರಯೋಗಾಲಯದಲ್ಲಿ ಕೆಲಸ ಮುಂದುವರಿಸಬಹುದಿತ್ತು. ಆಗದಿದ್ದರೆ ಕ್ಲಾಸು ಮುಚ್ಚಿ ಮನೆಯಲ್ಲಿರುವುದಾಗಿ ಅಕ್ಕೋರು ಗಂಡನಿಗೆ ಮಾತು ಕೊಟ್ಟಿದ್ದರು.

ನಸುಕಿನ ಬಸ್ಸು ಹಿಡಿದು, ಗೋಕಾಕದಲ್ಲಿ ಬದಲಿಸಿ, ಘಟಪ್ರಭಾ ಮೇಲಿಂದ ಹುಕ್ಕೇರಿ ಮುಟ್ಟಿದೆವು. ದಾರಿಯುದ್ದಕ್ಕೂ ಅವರ ತುಟಿ ಅಲುಗುತ್ತಿತ್ತು, ಮಾತನ್ನು ಬಾಯಿಪಾಠ ಮಾಡುತ್ತಿದ್ದರು. ಬೆಳಗಿನ ಉಪ್ಪಿಟ್ಟು ಮುಟ್ಟಲಿಲ್ಲ, ಚಹಾವನ್ನೂ ನನ್ನ ಕೈಗೇ ಕೊಟ್ಟರು. ಉದ್ಘಾಟನೆ, ಆಮೇಲೆ ಎರಡು ಗೋಷ್ಠಿ... ಪರದೆಯ ಮೇಲೆ ಏನೇನು ಬಂತೋ ನೆನಪಿಲ್ಲ. ಬೆರಳಿಗೆ ಸುತ್ತಿ ಸುತ್ತಿ ಸುಕ್ಕಾದ ಅಕ್ಕೋರ ಸೆರಗು ಮಾತ್ರ ನೆನಪಿದೆ. ಅವರ ಸರದಿ ಮೂರು ಗಂಟೆಗೆ. ಒಂದೂವರೆಗೆ, ಊಟದ ಹೊತ್ತಿಗೆ, ನಾನೇ ಕೈ ಹಿಡಿದು ಎಳೆದೆ.

“ಅಕ್ಕೋರ, ಇನ್ನೂ ದೀಡ ತಾಸ ಐತ್ರಿ. ಎರಡ ತುತ್ತ ಉಣ್ಣ ಬರ್ರಿ.”

ಅವರನ್ನು ಸಾಲಿನಲ್ಲಿ ಕೂರಿಸಿ ನಾನು ನೀರು ತರಲು ಹೋದೆ. ನಲ್ಲಿಯ ಹತ್ತಿರ ಸಮ್ಮೇಳನದವರೊಬ್ಬರು ಓಡುತ್ತ ಬಂದರು. “ನಿಮ್ಮ ಅಕ್ಕೋರ್ನ ಲಗೂ ಕರಕೊಂಡ ಬಾ, ತಂಗಿ. ಆ ಪ್ರೊಫೆಸರ್ ಸಾಹೇಬ್ರು ಊರಿಗೆ ಹೊಂಟಾರ. ಹೋಗೂಕಿಂತ ಮೊದಲ ಇವರದ ಕೇಳತಾರಂತ.”

ಹೋದೆ. ಅಕ್ಕೋರು ಮಾದಲಿಗೆ ಹಾಲು ಕಲಸಿ ಮೊದಲ ತುತ್ತು ಬಾಯಿಗಿಟ್ಟಿದ್ದರು. ನಮ್ಮ ಕಡೆ ತಾಟಿನ ಮುಂದೆ ಕೂತವರನ್ನು ಎಬ್ಬಿಸುವುದಿಲ್ಲ. ಸಾವಿನ ಸುದ್ದಿ ತಂದವನನ್ನೂ ಉಣ್ಣುವವರು ಕೈ ತೊಳೆಯುವ ತನಕ ಹೊರಗೆ ಕೂರಿಸುತ್ತಾರೆ. ನಾಲ್ಕು ತುತ್ತು ಉಣ್ಣಲಿ, ಎದ್ದ ಮೇಲೆ ಹೇಳಿದರಾಯಿತು ಎಂದುಕೊಂಡು ಅವರ ಹಿಂದೆ ನಿಂತೆ. ಬಡಿಸುವವರು ಎರಡನೇ ಸಲ ಹಾಕಿದರು. ಅಕ್ಕೋರು ಬೇಡವೆನ್ನಲಿಲ್ಲ... ಎಷ್ಟು ಹಸಿದಿದ್ದರೋ.

ನಾವು ಸಭಾಂಗಣ ಮುಟ್ಟಿದಾಗ ಪ್ರಾಧ್ಯಾಪಕರ ಕಾರು ಗೇಟು ದಾಟಿತ್ತು. ಹೆಸರು ಕೂಗಿದೆವು, ನೀವು ಇರಲಿಲ್ಲ ಎಂದರು ಯಾರೋ. ಮೂರು ಗಂಟೆಗೆ ಅಕ್ಕೋರು ಖಾಲಿಯಾದ ಮುಂದಿನ ಸಾಲನ್ನೂ ಹಿಂದೆ ತೂಕಡಿಸುತ್ತಿದ್ದ ವಿದ್ಯಾರ್ಥಿಗಳನ್ನೂ ನೋಡುತ್ತ ಹದಿನೈದು ನಿಮಿಷ ಮಾತಾಡಿದರು. ಒಂದಕ್ಷರ ತಪ್ಪಲಿಲ್ಲ.

ನನಗೆ ಹೇಳಿಕಳಿಸಿದ್ದರು, ನಾನು ಬಾಯಿ ಬಿಡದೆ ನಿಂತಿದ್ದೆ ಎಂಬುದು ಅವರಿಗೆ ಗೊತ್ತೇ ಆಗಲಿಲ್ಲ. ಬಸ್ಸಿನಲ್ಲಿ ಹೇಳಿಬಿಡಬೇಕೆಂದಿದ್ದೆ. ಅಷ್ಟರಲ್ಲಿ ಅವರೇ ಕಿಟಕಿಯಾಚೆ ನೋಡುತ್ತ, “ನಂದಽ ತಪ್ಪವಾ. ಹೊಟ್ಟಿಬಾಕಿ ಹಂಗ ಉಣಕೋತ ಕುಂತ್ನಿ,” ಎಂದರು. ನಾನು ಸುಮ್ಮನಾದೆ. ಹೇಡಿ ನಾನು.

ತಿಂಗಳೊಳಗೆ ಕ್ಲಾಸು ಮುಚ್ಚಿತು. ಆಮೇಲೆ ಯಾರ ಮನೆಯ ಕಾರ್ಯದಲ್ಲೂ ಅಕ್ಕೋರು ಮೊದಲ ಪಂಕ್ತಿಗೆ ಕೂತದ್ದನ್ನು ನಾನು ನೋಡಲಿಲ್ಲ. ಎಲ್ಲರದೂ ಆಗಲಿ ಎಂದು ಬಾಗಿಲ ಹತ್ತಿರ ನಿಲ್ಲುತ್ತಿದ್ದರು, ಕೆಲವೊಮ್ಮೆ ಉಣ್ಣದೆಯೇ ಹೋಗಿಬಿಡುತ್ತಿದ್ದರು. ಕಂಡಾಗಲೆಲ್ಲ ಈ ಸಲ ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ. ದೀಪಾವಳಿಗೆ ಹೇಳುತ್ತೇನೆ, ಮುಂದಿನ ಸಲ ಹೇಳುತ್ತೇನೆ... ಕಳೆದ ವರ್ಷ ಅವರು ತೀರಿಕೊಂಡರು. ಅವ್ವನಿಗೆ ಫೋನು ಬಂದಾಗ ನಾನು ಊಟಕ್ಕೆ ಕೂತಿದ್ದೆ. ನಾನು ಕೈ ತೊಳೆಯುವ ತನಕ ಅವ್ವ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ನನಗೆ ಇನ್ನೊಂದು ರೊಟ್ಟಿ ಬಡಿಸಿದಳು.

ಕಳೆದ ವಾರ ಗೋಕಾಕದಲ್ಲೂ ಊಟದ ನಡುವೆಯೇ ಗೋಷ್ಠಿಯ ಕ್ರಮ ಬದಲಾಯಿತು. ಈಗ ಮೊದಲು ಮಾತಾಡಬೇಕಾದ ಹುಡುಗಿ ಮಾದಲಿಯ ಮುಂದೆ ಕೂತಿದ್ದಳು. ನೇರ ಹೋಗಿ ರಟ್ಟೆ ಹಿಡಿದೆ. “ಏಳವಾ. ಉಣ್ಣೂದು ಆಮ್ಯಾಲ.” ಸಾಲಿನ ಹಿರಿಯರೆಲ್ಲ ನನ್ನನ್ನು ದುರುಗುಟ್ಟಿ ನೋಡಿದರು. ಅವಳು ಎಂಜಲು ಕೈಯಲ್ಲೇ ಎದ್ದು ಓಡಿದಳು.

ಅವಳ ತಾಟಿನಲ್ಲಿ ಹಾಲು ಇನ್ನೂ ಇಂಗಿರಲಿಲ್ಲ. ಇಷ್ಟೇ ಕೆಲಸವಿತ್ತು ಆ ದಿನವೂ. “ತಪ್ಪ ನಿಮ್ಮದಲ್ರಿ, ಅಕ್ಕೋರ. ನಂದ್ರಿ,” ಎಂದೆ ಆ ತಾಟಿನ ಮುಂದೆ ನಿಂತು. ಬಡಿಸುವವನು ನನಗೇನಾದರೂ ಬೇಕಿತ್ತೇ ಎಂದು ಕೇಳಿದ.