ಒಂದು ರುಜುವಿಗೆ ಬಗ್ಗಿದ ತಲೆ

ನಿಮ್ಮ ಮನೆಯ ಹುಡುಗ ಕಾನೂನು ಓದಲು ಹೊರಟರೆ ನಾನು ಹೇಳುವುದು ಇಷ್ಟೇ: ರುಜು ಹಾಕಬೇಕಾದವನ ಮುಂದೆ ಮೊದಲು ಕಾಗದ ಇಡಿ, ತಲೆ ಆಮೇಲೆ ಬಗ್ಗಿಸಿ. ನಮ್ಮ ಮನೆಯಲ್ಲಿ ಇದು ಹಿಂದುಮುಂದಾಯಿತು. ಆಗ ಬಂದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ನನ್ನ ತಮ್ಮ ಬೆಟ್ಟದ ಮೇಲಿನ ನಮ್ಮ ಹಟ್ಟಿಯಲ್ಲಿ ಬಿ.ಎ. ಮುಗಿಸಿದ ಮೊದಲಿಗ. ನಾನು ಕೆತ್ತಿಯ ಶಾಲೆಯಲ್ಲಿ ನಾಲ್ಕಕ್ಷರ ಕಲಿತು ಆಲೂಗೆಡ್ಡೆ ವ್ಯಾಪಾರಕ್ಕೆ ಇಳಿದವನು. ಮೇಟ್ಟುಪಾಳೆಯದ ಮಂಡಿಯಲ್ಲಿ ಬೈಸಿಕೊಂಡು, ಬೈದು, ಚೌಕಾಸಿ ಕಲಿತೆ. ಮೂಟೆ ತಕ್ಕಡಿಯಿಂದ ಇಳಿಯುವ ಮೊದಲೇ ಮಾತು ಮುಗಿಸಬೇಕು, ಇಳಿದ ಮೇಲೆ ಮಾರುವವನ ಮಾತಿಗೆ ಬೆಲೆಯಿಲ್ಲ. ತಮ್ಮನ ಓದಿನ ಬೆನ್ನಿಗೆ ನಿಂತವನು ನಾನೇ.

ಮದರಾಸಿನ ಲಾ ಕಾಲೇಜಿಗೆ ಸೇರಲು ಊರಿನ ವಕೀಲರೋ ಅಧಿಕಾರಿಯೋ ‘ಈ ಹುಡುಗನ ನಡತೆಯನ್ನು ಬಲ್ಲೆ’ ಎಂದು ಬರೆದುಕೊಡಬೇಕಿತ್ತು. ಉಳಿದದ್ದೆಲ್ಲ ಕೈಯಲ್ಲಿತ್ತು. ಗಡುವಿಗೆ ಇನ್ನೊಂದು ವಾರ ಉಳಿದಿತ್ತು.

ನಮ್ಮ ಹಟ್ಟಿಯ ವ್ಯಾಜ್ಯಗಳನ್ನೆಲ್ಲ, ಆಗ ಹುಲ್ಲುಗಾವಲಿನ ದೊಡ್ಡ ಕೇಸನ್ನೂ, ನಡೆಸುತ್ತಿದ್ದ ವಕೀಲರೊಬ್ಬರು ಉದಕಮಂಡಲದಲ್ಲಿದ್ದರು. ಬೆಟ್ಟದ ಕೆಳಗಿನ ನಾಡಿನಿಂದ ಬಂದವರು, ವಯಸ್ಸಿನಲ್ಲಿ ನನಗಿಂತ ಸ್ವಲ್ಪ ದೊಡ್ಡವರಷ್ಟೇ. ನಮ್ಮಲ್ಲಿ ಕಿರಿಯರು ಹಿರಿಯರನ್ನು ಕಂಡರೆ ರುಮಾಲು ತೆಗೆದು ತಲೆ ಬಗ್ಗಿಸುತ್ತಾರೆ. ಹಿರಿಯರು ತಲೆಯ ಮೇಲೆ ಕೈಯಿಟ್ಟು ‘ಬದುಕು, ಬದುಕು’ ಎನ್ನುವವರೆಗೆ ತಲೆ ಎತ್ತುವುದಿಲ್ಲ. ವಕೀಲರು ಇದನ್ನು ನೋಡಿದರು, ಅವರಿಗೆ ರುಚಿಸಿತು. ಹಟ್ಟಿಯ ಹುಡುಗರು ಯಾರು ಹೋದರೂ ತಲೆಗೆ ಕೈ ಚಾಚತೊಡಗಿದರು. ನಮ್ಮವರೂ ಬೇಡವೆನ್ನದೆ ತಲೆ ಕೊಟ್ಟರು. ಆದರೆ ಕೈಯಿಟ್ಟ ಹಿರಿಯ ಆಮೇಲೆ ಕೈಬಿಡುವುದಿಲ್ಲ ಎಂಬುದೂ ನಮ್ಮ ಕಟ್ಟಳೆಯೇ. ಅದು ಅವರಿಗೆ ಬೇಕಾಗಿರಲಿಲ್ಲ.

ಅಪ್ಪ, ತಮ್ಮ, ನಾನು ಅವರ ಮನೆಗೆ ಹೋದೆವು. ತಮ್ಮ ತಲೆ ಬಗ್ಗಿಸಿದ. ವಕೀಲರು ಕೈಯಿಟ್ಟು, “ಬದುಕು, ಬದುಕು. ನೋಡೋಣ” ಎಂದರು.

ನಾನು ಅಂಗಿಯಿಂದ ಕಾಗದ ತೆಗೆಯುತ್ತಿದ್ದೆ. ಅಪ್ಪ ನನ್ನ ತೋಳು ಹಿಡಿದರು. “ಕೈ ಇಟ್ಟಾಯ್ತು ಮಗ. ಇನ್ನು ಕೇಳೋ ಹಾಗಿಲ್ಲೆ. ನಡೆ.”

“ನೋಡೋಣ ಅಂದ್ರು, ಬರೀತೀನಿ ಅನ್ನಲಿಲ್ಲ ಅಪ್ಪ.”

“ಇದೇನು ನಿನ್ನ ಮಂಡಿಯಾ?”

ಮಂಡಿಯಾಗಿದ್ದರೆ ಅಂದೇ ಮುಗಿಯುತ್ತಿತ್ತು. ಮರುದಿನ ಹೋದರೆ ವಕೀಲರು ಕೋರ್ಟಿನಲ್ಲಿ, ಅದರ ಮರುದಿನ ಊಟದಲ್ಲಿ. ಆಮೇಲೆ ಹೋದಾಗ ಬಾಗಿಲಲ್ಲೇ ನಿಲ್ಲಿಸಿ, “ನಿಮಗ್ಯಾಕಪ್ಪ ಲಾ? ನಾನಿಲ್ವಾ? ಹುಡುಗ ಇಸ್ಕೂಲಲ್ಲಿ ಪಾಠ ಹೇಳ್ಲಿ. ಎಲ್ಲರೂ ಕೋಟು ಹಾಕಿದ್ರೆ ಗೆಡ್ಡೆ ಅಗೆಯೋರ್ಯಾರು?” ಎಂದು ನಕ್ಕರು. ಒಳಗಿದ್ದ ಗುಮಾಸ್ತನೂ ನಕ್ಕ. ನನಗೆ ಆಗಲೇ ಅರ್ಥವಾಯಿತು. ಹಟ್ಟಿಯಲ್ಲೊಬ್ಬ ವಕೀಲ ಹುಟ್ಟಿದರೆ ಈ ಬಾಗಿಲಿಗೆ ಬರುವವರಾರು? ವ್ಯಾಪಾರಿಯ ಮನಸ್ಸು ವ್ಯಾಪಾರಿಗೆ ತಿಳಿಯುತ್ತದೆ. ನಾವು ವ್ಯಾಪಾರಿಗಳೆಂದೇ ಹೇಳಿಕೊಳ್ಳುತ್ತೇವೆ, ಅವರು ಹಿರಿಯರ ವೇಷ ಹಾಕಿದ್ದರು.

ಮದರಾಸಿಗೆ ಹೊರಡಲೇಬೇಕಾದ ದಿನ ಬಂತು. ನಾನು ಅಪ್ಪ, ತಮ್ಮ ಇಬ್ಬರನ್ನೂ ಕರೆದುಕೊಂಡು ನೇರ ಕೋರ್ಟಿನ ಜಗಲಿಗೆ ಹೋದೆ. ಬೇಕೆಂದೇ ಹೋದೆ, ಅಲ್ಲಿ ಬೇರೆ ವಕೀಲರಿರುತ್ತಾರೆ, ಕಕ್ಷಿದಾರರಿರುತ್ತಾರೆ. ನಾಲ್ಕು ಜನರ ಎದುರು ಬೆಲೆ ಕೇಳಿದರೆ ಸುಳ್ಳು ಹೇಳುವುದು ಕಷ್ಟ. ನಮ್ಮ ವಕೀಲರ ಮುಂದೆ ಕಾಗದ ಹಿಡಿದು ಕೇಳಿದೆ. “ಈಗ ಪುರುಸೊತ್ತಿಲ್ಲ” ಎಂದರು.

ನಾನು ಮಾತು ಜೋಡಿಸುವಷ್ಟರಲ್ಲಿ ಅಪ್ಪ ಮುಂದೆ ಬಂದರು. ರುಮಾಲು ತೆಗೆದು ಕಂಕುಳಲ್ಲಿಟ್ಟರು. ಮಗನ ವಯಸ್ಸಿನವನ ಮುಂದೆ ಆ ನರೆತ ತಲೆಯನ್ನು ಬಗ್ಗಿಸಿ ನಿಂತರು. ನಮ್ಮ ಬೆಟ್ಟದಲ್ಲಿ ಹಿರಿಯನೊಬ್ಬ ಕಿರಿಯನಿಗೆ ಹಾಗೆ ಬಗ್ಗಿದ್ದನ್ನು ನಾನು ಕಂಡಿರಲಿಲ್ಲ.

“ಅಪ್ಪ, ತಲೆ ಎತ್ತು.”

“ತಲೆ ನನ್ನದು. ನೀ ಸುಮ್ಮನಿರು.”

ವಕೀಲರು ಕೈ ಎತ್ತಿದರು. ಅಷ್ಟು ಸಲೀಸಾಗಿ ಎತ್ತಿದರು. ನಾನು ಅವರ ಮಣಿಕಟ್ಟು ಹಿಡಿದೆ.

“ಈ ಕೈ ಮೊದಲು ಪೇನಾ ಹಿಡೀಲಿ ಸಾಮಿ. ಇಲ್ಲಾಂದ್ರೆ ನಮ್ಮ ಹುಲ್ಲುಗಾವಲಿನ ಕೇಸಿನ ಕಟ್ಟು ಈಗಲೇ ಕೊಡಿ. ಈ ಜಗಲಿಯಲ್ಲಿ ನೀವೊಬ್ಬರೇ ವಕೀಲರಲ್ಲ.”

ಜಗಲಿಯ ಜನರೆಲ್ಲ ಇತ್ತ ತಿರುಗಿದರು. ಪಕ್ಕದ ವಕೀಲರೊಬ್ಬರು ಕೆಮ್ಮಿದರು. ನಮ್ಮ ವಕೀಲರು ಕೈ ಬಿಡಿಸಿಕೊಂಡು ಕಾಗದ ಕಿತ್ತುಕೊಂಡು ಮೊಣಕಾಲ ಮೇಲಿಟ್ಟು ಬರೆದರು. ತಮ್ಮನ ನಡತೆಯಲ್ಲಿ ಅಲ್ಲಿಯವರೆಗೆ ಕಾಣದಿದ್ದ ಒಳ್ಳೆಯದೆಲ್ಲ ಆ ಕೇಸಿನ ಮಾತು ಬಂದೊಡನೆ ಕಂಡಿತು. ಅಷ್ಟೂ ಹೊತ್ತು ಅಪ್ಪ ಬಗ್ಗಿಯೇ ಇದ್ದರು. ನಾನು ಕಾಗದ ಇಸಿದುಕೊಂಡು, “ಆಯ್ತು ಅಪ್ಪ, ನಡೆ” ಎಂದೆ. ಅವರು ಕದಲಲಿಲ್ಲ. ಬಗ್ಗಿದ ತಲೆಗೆ ಕೈ ಬೀಳದೆ ಎತ್ತುವ ಅಭ್ಯಾಸ ಅವರಿಗಿರಲಿಲ್ಲ. ಕೊನೆಗೆ ವಕೀಲರು ಶಾಯಿ ಹತ್ತಿದ ಬೆರಳನ್ನು ಆ ತಲೆಗೆ ತಾಗಿಸಿದರು. ‘ಬದುಕು’ ಎನ್ನಲೂ ಇಲ್ಲ. ಅಪ್ಪ ರುಮಾಲು ಸುತ್ತಿಕೊಂಡು ನನಗಿಂತ ಮುಂದೆ ನಡೆದರು.

ಮದರಾಸಿನಲ್ಲಿ ತಮ್ಮನ ಜೊತೆ ನಾನೇ ನಿಂತಿದ್ದೆ. ಕಾಲೇಜಿನ ಗುಮಾಸ್ತ ಕಾಗದಗಳನ್ನು ಒಂದೊಂದಾಗಿ ತೆಗೆದುಕೊಂಡ. ಬಿ.ಎ.ಯದ್ದನ್ನು ಎರಡು ಸಲ ಓದಿದ. ನಡತೆಯದ್ದು ಬಂದಾಗ ಮಡಿಕೆಯನ್ನೂ ಬಿಚ್ಚದೆ ಕೆಳಗೆ ಸೇರಿಸಿ ದಾರ ಕಟ್ಟಿದ. “ಸೀಟು ಆಯಿತು, ಹೋಗು” ಎಂದ. ಓದಿ ನೋಡಿ ಎನ್ನಲು ನನ್ನ ಬಾಯಿ ತೆರೆಯಿತು. ತಮ್ಮ ನನ್ನ ಕಾಲು ತುಳಿದ.

ನಾನು ಹಟ್ಟಿಗೆ ಮರಳಿದಾಗ ಅಪ್ಪ ಗೆಡ್ಡೆಯ ಹೊಲದಲ್ಲಿದ್ದರು. ಸೀಟು ಸಿಕ್ಕಿತೆಂದೆ. ಗುದ್ದಲಿಗೆ ಒರಗಿದರು.

“ಆ ಕಾಗದ ಓದಿ ಏನಂದ್ರು ಮಗ?”

“ಒಳ್ಳಿತ್ತು ಅಂದ್ರು ಅಪ್ಪ” ಎಂದೆ.