ಮೊದಲು ಅನುಮಾನಕ್ಕೆ ಸಿಕ್ಕವರು

ಶನಿವಾರ ಸಂಜೆ ಏಳು ಗಂಟೆಗೆ ಮಳವಳ್ಳಿಯ ನಮ್ಮ ಮನೆಯಲ್ಲಿ ಯಾರೂ ಫೋನು ಎತ್ತುತ್ತಿರಲಿಲ್ಲ. ಟೀವಿಯಲ್ಲಿ ಪತ್ತೇದಾರಿ ಧಾರಾವಾಹಿ ಬರುವ ಹೊತ್ತು ಅದು. ಕೊಲೆ, ರಕ್ತ ಏನೂ ಇಲ್ಲ, ನಗಿಸುವ ಪತ್ತೇದಾರಿ. ವಾರಕ್ಕೊಂದು ಕಳ್ಳತನ. ಜೇಬಿನ ತುಂಬ ಹುರಿದ ಕಡಲೆಕಾಯಿ ಇಟ್ಟುಕೊಂಡ ದಡೂತಿ ಪತ್ತೇದಾರ, ಹೋದಲ್ಲೆಲ್ಲ ಎಡವಿ ಬೀಳುವ ಅವನ ಸಹಾಯಕ. ಗೆಜ್ಜಲಗೆರೆಯ ಫ್ಯಾಕ್ಟರಿಯಿಂದ ಬೈಕಿನಲ್ಲಿ ಬರುವ ನನ್ನ ಗಂಡ ಶೂ ಕೂಡ ಬಿಚ್ಚದೆ ಕೂತುಬಿಡುತ್ತಿದ್ದರು.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಎಲ್ಲಿ ಹೋದರೂ ಸೂತ್ರ ಹುಡುಕುವ ಚಾಳಿ. ಆ ಧಾರಾವಾಹಿಯ ಸೂತ್ರಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ಮೊದಲ ಹತ್ತು ನಿಮಿಷದಲ್ಲಿ ಯಾರ ಮೇಲೆ ಅನುಮಾನ ಬರುತ್ತದೋ ಅವರು ಖಂಡಿತ ಕಳ್ಳರಲ್ಲ. ಅವರ ಮುಖ ದೊಡ್ಡದಾಗಿ ಕಾಣಿಸಿ, ಹಿಂದೆ ‘ಢಂ’ ಎಂದು ಸದ್ದಾದರೆ ಅವರನ್ನು ಪಟ್ಟಿಯಿಂದ ಹೊಡೆದುಹಾಕಬಹುದು. ಸಹಾಯಕ ಎಡವಿದ ಜಾಗದಲ್ಲೇ ಸುಳಿವು ಇರುತ್ತದೆ. ಕೊನೆಗೆ ಪತ್ತೇದಾರ ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಿ, ಕಡಲೆಕಾಯಿ ಸುಲಿಯುತ್ತಾ ಕಥೆ ಬಿಡಿಸುತ್ತಾನೆ. ಕಳ್ಳ ತಾನಾಗಿ ಒಪ್ಪಿಕೊಳ್ಳುತ್ತಾನೆ, ಎಲ್ಲರೂ ಕಾಫಿ ಕುಡಿದು ನಗುತ್ತಾರೆ. ಅನುಮಾನಕ್ಕೆ ಸಿಕ್ಕವರು ಎಲ್ಲರಿಗಿಂತ ಜೋರಾಗಿ ನಗುತ್ತಾರೆ. ಅರ್ಧ ಕಥೆಗೇ ಕಳ್ಳ ಯಾರೆಂದು ಹೇಳಿ ನಾನು ಜಂಬಪಡುತ್ತಿದ್ದೆ.

“ನೀನೇ ಏಳ್ಬುಟ್ರೆ ನಾವ್ಯಾಕೆ ನೋಡ್ಬೇಕು? ಬಾಯ್ಮುಚ್ಕಂಡು ಕೂತ್ಕಳಮ್ಮಿ” ಎಂದು ಅತ್ತೆ ಗದರುತ್ತಿದ್ದರು.

ನಾವು ಹೀಗೆ ಕೂತಿರುವಾಗ ಅಡುಗೆಮನೆಯಲ್ಲಿ ಒಬ್ಬರು ಪಾತ್ರೆ ತೊಳೆಯುತ್ತಿರುತ್ತಿದ್ದರು. ನಮ್ಮ ಮನೆಗೆಲಸಕ್ಕೆ ಬರಲು ಶುರುಮಾಡಿ ಆಗಲೇ ಹನ್ನೊಂದು ವರ್ಷ. ನನಗಿಂತ ತುಂಬ ದೊಡ್ಡವರು. ನಾನು ಅವರನ್ನು ‘ಅಕ್ಕ’ ಎನ್ನುತ್ತಿದ್ದೆ, ಅವರು ನನ್ನನ್ನು ‘ಅವ್ವ’ ಎನ್ನುತ್ತಿದ್ದರು. ನಾನು ಸ್ಕೂಲಿಗೆ, ಅತ್ತೆ ಹೊಲದ ಕಡೆ ಹೋದ ಮೇಲೂ ಬಂದು ಕೆಲಸ ಮಾಡಲೆಂದು ಮನೆಯ ಒಂದು ಬೀಗದ ಕೈ ಅವರಲ್ಲೇ ಇರುತ್ತಿತ್ತು.

ಆ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ನಾದಿನಿ ಮದ್ದೂರಿನಿಂದ ಬಂದಿದ್ದಳು. ನಾನೂ ಗಂಡನೂ ಶನಿವಾರದವರೆಗೆ ರಜೆ ಹಾಕಿದ್ದೆವು. ಮನೆಯ ಹೆಂಗಸರ ಒಡವೆಯನ್ನೆಲ್ಲ ಲಕ್ಷ್ಮಿಗೆ ಹಾಕುವುದು ನಮ್ಮಲ್ಲಿ ರೂಢಿ. ನಾದಿನಿ ತನ್ನ ಜುಮುಕಿ ಬಿಚ್ಚಿಕೊಟ್ಟಳು. ಲಕ್ಷ್ಮಿಯ ಮುಖವಾಡದ ಒಂದು ಕಿವಿಯ ತೂತು ಮುಚ್ಚಿಹೋಗಿತ್ತು. ಆ ಕಡೆಯ ಜುಮುಕಿಯನ್ನು ನಾನು ಅರಿಶಿನದ ದಾರದಲ್ಲಿ ಸೀರೆಯ ಸೆರಗಿಗೆ ಕಟ್ಟಿ, ಕಿವಿಯಲ್ಲೇ ತೂಗುವ ಹಾಗೆ ಕಾಣುವಂತೆ ಮಾಡಿದೆ. ಮಾರನೆಯ ದಿನ ಶನಿವಾರ ಬೆಳಿಗ್ಗೆ ಕಳಶ ಕದಲಿಸಿ, ಒಡವೆ ತೆಗೆದು, ಸೀರೆ ಮಡಿಸಿದವಳೂ ನಾನೇ. ಲಕ್ಷ್ಮಿ ಉಟ್ಟ ಸೀರೆಯನ್ನು ಕೊಡವಬಾರದು, ಕೊಡವಿದರೆ ಮನೆಯ ಲಕ್ಷ್ಮಿ ಹೊರಟುಹೋಗುತ್ತಾಳೆ ಎನ್ನುವುದು ಅತ್ತೆಯ ನಂಬಿಕೆ. ನೆರಿಗೆ ಇದ್ದ ಹಾಗೇ ಮಡಿಸಿ ಮನೆಮಗಳ ಮಡಿಲಿಗೆ ಇಡಬೇಕು. ಹಾಗೇ ಮಾಡಿದೆ.

ಮಧ್ಯಾಹ್ನ ಒಡವೆ ಎತ್ತಿಡುವಾಗ ನೋಡಿದರೆ ಒಂದೇ ಜುಮುಕಿ.

ಕಳಶದ ಅಕ್ಕಿ ಜರಡಿ ಹಿಡಿದೆವು. ಬಾಡಿದ ಹೂವನ್ನು ಎಸಳೆಸಳಾಗಿ ಬಿಡಿಸಿದೆವು. ಮಂಚ ಸರಿಸಿದೆವು. ಇಲ್ಲ. “ನಮ್ಮತ್ತೆಗೆ ಏನಂತ ಏಳ್ಲಿ?” ಎಂದು ನಾದಿನಿ ಅಳತೊಡಗಿದಳು. ಅತ್ತೆಯ ಕಣ್ಣು ಒಮ್ಮೆ ಅಡುಗೆಮನೆಯ ಕಡೆ ಹೋಗಿ ಬಂತು. ನಾದಿನಿಯೂ ಅತ್ತಲೇ ನೋಡಿದಳು.

ನನಗೆ ಭಯವಾಯಿತು. ಬಾಯಿಗೆ ಬರದ ಅನುಮಾನ ಮನೆಯಲ್ಲೇ ಉಳಿದುಬಿಡುತ್ತದೆ, ನಗಿಸಿ ಅದನ್ನು ಹೊರಗೆ ಹಾಕಬೇಕು ಅನ್ನಿಸಿತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಗಂಡನ ಕನ್ನಡಕ ಹಾಕಿಕೊಂಡೆ, ಒಂದು ಹಿಡಿ ಕಡಲೆಕಾಯಿ ತಂದೆ, ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಿದೆ. ಅಕ್ಕನನ್ನೂ ಕರೆದೆ.

“ಈ ಮನೆಯಲ್ಲೊಬ್ಬರು ಕಳ್ಳರಿದ್ದಾರೆ!” ಎಂದು ಪತ್ತೇದಾರನ ದನಿಯಲ್ಲಿ ಶುರುಮಾಡಿದೆ. “ನನ್ನ ಮೊದಲ ಅನುಮಾನ...” ಎನ್ನುತ್ತಾ ಬೆರಳನ್ನು ಸುತ್ತ ತಿರುಗಿಸಿ ಅಕ್ಕನ ಮುಂದೆ ನಿಲ್ಲಿಸಿದೆ. ಬಾಯಲ್ಲೇ ‘ಢಂ’ ಎಂದೆ.

ಗಂಡ ನಕ್ಕರು. ನನ್ನ ಲೆಕ್ಕದಲ್ಲಿ ಅಕ್ಕ ಆ ಕ್ಷಣಕ್ಕೇ ಅನುಮಾನದಿಂದ ಪಾರಾಗಿದ್ದರು. ಮೊದಲು ಸಿಕ್ಕವರು ಕಳ್ಳರಲ್ಲ ಎನ್ನುವುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರು ಅಕ್ಕ ಒಬ್ಬರೇ. ನಾವು ಆ ಧಾರಾವಾಹಿ ನೋಡುವಾಗೆಲ್ಲ ಅವರ ಕೈ ನಮ್ಮ ಪಾತ್ರೆಯಲ್ಲಿರುತ್ತಿತ್ತು.

ಅಕ್ಕ ನನ್ನ ಬೆರಳನ್ನೇ ನೋಡಿದರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಸೊಂಟದಲ್ಲಿದ್ದ ಎಲೆಅಡಿಕೆ ಸಂಚಿ ತೆಗೆದು ನೆಲದ ಮೇಲೆ ಬೋರಲು ಹಾಕಿದರು. ಎರಡು ವೀಳ್ಯದೆಲೆ, ಅಡಿಕೆ ಚೂರು, ಸುಣ್ಣದ ಡಬ್ಬಿ, ಒಂದು ಜ್ವರದ ಮಾತ್ರೆ. ಆಮೇಲೆ ಸೆರಗಿನ ಗಂಟು ಬಿಚ್ಚಿ ಒದರಿದರು.

“ಒಳೀಕೂ ನೋಡ್ಬೇಕೇನವ್ವ? ಬಾ, ಬಚ್ಚಲಿಗೆ ಓಗಮ” ಎಂದರು.

“ಅಯ್ಯೋ ಅಕ್ಕ, ತಮಾಷೆಗೆ ಮಾಡಿದ್ದು. ಟೀವಿಲಿ ಬರುತ್ತಲ್ಲ, ಹಂಗೆ...”

“ಟೀವಿ ನಂಗೊತ್ತಿಲ್ಲ ಕಣವ್ವ. ನಿನ್ ಬೆಟ್ಟು ಯಾರ ಕಡೀಕಿತ್ತು ಅನ್ನದು ಗೊತ್ತು.”

ನಾದಿನಿ ಸ್ವಲ್ಪ ಬಗ್ಗಿ, ನೆಲದ ಮೇಲೆ ಬಿದ್ದಿದ್ದನ್ನು ನೋಡಿದಳು. ಅತ್ತೆ ನೋಡಿದರು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ನಾನೂ ನೋಡಿದೆ. ಅಡಿಕೆ ಚೂರುಗಳ ನಡುವೆ ಏನಾದರೂ ಹೊಳೆಯುತ್ತದಾ ಎಂದೇ ನೋಡಿದೆ. ತಲೆ ಎತ್ತಿದಾಗ ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು.

ಅವರು ಎಲ್ಲವನ್ನೂ ಒಂದೊಂದಾಗಿ ಆಯ್ದು ಸಂಚಿಗೆ ಹಾಕಿಕೊಂಡರು. ಉಳಿದ ಪಾತ್ರೆ ತೊಳೆದರು. ಬೀಗದ ಕೈಯನ್ನು ಟೀವಿಯ ಪಕ್ಕ ಇಟ್ಟು ಹೋದರು. ಮಾರನೆಯ ದಿನ ಬರಲಿಲ್ಲ.

ಸೋಮವಾರ ಸ್ಕೂಲಿನಲ್ಲಿದ್ದಾಗ ಮದ್ದೂರಿನಿಂದ ನಾದಿನಿಯ ಫೋನು. “ಸಿಕ್ತು ಕಣತ್ತಿಗೆ! ಉಟ್ಕಳನ ಅಂತ ಸೀರೆ ಬಿಚ್ಚುದ್ರೆ ಸೆರಗಿನ ಮಡಿಕೇಲೇ ಸಿಕ್ಕಾಕಂಡಿತ್ತು. ದಾರಾನೂ ಅಂಗೇ ಇತ್ತು.” ಆಮೇಲೆ ನಗುತ್ತಾ, “ನಿಮ್ಮ ಧಾರಾವಾಹಿಗಿಂತ ಚೆಂದಾಗಾಯ್ತು ಬುಡಿ, ಪತ್ತೇದಾರನೇ ಕಳ್ಳ” ಎಂದಳು. ನನಗೆ ನಗು ಬರಲಿಲ್ಲ. ಸೆರಗಿಗೆ ಕಟ್ಟಿದ್ದೇ ಮರೆತುಹೋಗಿತ್ತು. ಕಟ್ಟಿದ ಕೈ ನನ್ನದು, ಮಡಿಸಿದ ಕೈ ನನ್ನದು, ಅಕ್ಕನ ಕಡೆ ತೋರಿಸಿದ ಕೈಯೂ ನನ್ನದೇ.

ಸ್ಕೂಲು ಬಿಟ್ಟವಳೇ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿದ್ದ ಅಕ್ಕನ ಮನೆಗೆ ಹೋದೆ. ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದರು. “ಸಿಕ್ತು ಅಕ್ಕ. ಸೀರೆಯಲ್ಲೇ ಇತ್ತಂತೆ. ನನ್ನಿಂದ ತಪ್ಪಾಯ್ತು” ಎಂದೆ. ಧಾರಾವಾಹಿಯಲ್ಲಾದರೆ ಇಲ್ಲಿ ಎಲ್ಲರೂ ನಗಬೇಕು.

ಅಕ್ಕ ಸೊಪ್ಪಿನಿಂದ ಕಣ್ಣೆತ್ತದೆ ಕೇಳಿದರು: “ಸಿಕ್ದೆ ಓಗಿದ್ರೆ?”

ಸಿಕ್ಕದೆ ಹೋಗಿದ್ದರೆ ನಾನು ಆ ಬೀದಿಗೆ ಬರುತ್ತಲೇ ಇರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

“ಕೆಲ್ಸಕ್ಕೆ ಬತ್ತೀನಿ. ಒಟ್ಟೆ ಕೇಳ್ಬೇಕಲ್ಲ” ಎಂದರು ಕೊನೆಗೆ. “ಆದ್ರೆ ನಾನಲ್ಲಿರೋಗಂಟ ನೀವು ಎದುರ‍್ಗೆ ಕೂತ್ಕಂಡು ನೋಡ್ತಿರ‍್ಬೇಕು ಮೇಡಂ. ಇಲ್ದಿದ್ರೆ ಬರಾಕಿಲ್ಲ.”

ಹನ್ನೊಂದು ವರ್ಷದಲ್ಲಿ ಅವರು ನನ್ನನ್ನು ಮೇಡಂ ಅಂದಿದ್ದು ಅದೇ ಮೊದಲು.

ಈಗ ಅವರು ನಾನು ಮನೆಯಲ್ಲಿರುವಾಗ ಮಾತ್ರ ಬರುತ್ತಾರೆ. ನಾನು ಅಡುಗೆಮನೆಯಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರುತ್ತೇನೆ. ಏನೋ ನೆನಪಾಗಿ ಎದ್ದು ಹೋದರೆ ನಲ್ಲಿ ನಿಲ್ಲಿಸಿ, ಕೈ ಹೊರಗೆ ಚಾಚಿಕೊಂಡು, ನಾನು ಬರುವ ತನಕ ನಿಂತೇ ಇರುತ್ತಾರೆ. ಬೇಡ ಅಕ್ಕ ಎಂದು ಎಷ್ಟು ಸಲ ಹೇಳಿದ್ದೇನೋ. ಶನಿವಾರ ಹಾಲ್‌ನಿಂದ ಅತ್ತೆ, “ಶುರುವಾಯ್ತು, ಬಾರಮ್ಮಿ” ಎಂದು ಕೂಗುತ್ತಾರೆ. ನಾನು ಏಳುವುದಿಲ್ಲ. ಕೆಲಸ ಮುಗಿದ ಮೇಲೆ ಅಕ್ಕ ಲೋಟ, ಚಮಚಗಳನ್ನು ನನ್ನ ಮುಂದೆ ಸಾಲಾಗಿ ಜೋಡಿಸುತ್ತಾರೆ.

“ಎಲ್ಲ ಸರ‍್ಯಾಗದಾ ನೋಡ್ಕಳಿ ಮೇಡಂ.”

“ಸರಿಯಾಗಿದೆ” ಎನ್ನುತ್ತೇನೆ. ಅದನ್ನು ನಾನು ಹೇಳುವವರೆಗೆ ಅವರು ಹೊಸಿಲು ದಾಟುವುದಿಲ್ಲ.